ಕ್ಲಿಪ್ ಹಾಕಿದ ಹಲ್ಲಿಗೆ ತೊಂದರೆ ಬಂದರೆ: ಎಲ್ಲಿ ನೋಡಬೇಕು, ಏನು ಮಾಡಬೇಕು

ಹಲ್ಲಿಗೆ ಕ್ಲಿಪ್ ಹಾಕುವ ಒಂದು ಕ್ಲಿನಿಕ್‌ನಲ್ಲಿ ನಾನು ಸಹಾಯಕಿ. ಡಾಕ್ಟರ್ ಕೆಲಸದಲ್ಲಿರುವಾಗ ಫೋನ್ ಎತ್ತುವವಳು ನಾನು. "ಅಕ್ಕಾ, ವೈರ್ ಚುಚ್ತಾ ಇದೆ", "ಮೇಡಂ, ಮಗಳ ಕ್ಲಿಪ್ ಒಂದು ಕಿತ್ಕೊಂಡ್ ಬಂತು", "ನೋವು ತಡಿಯೋಕಾಗ್ತಿಲ್ಲ, ಬಿಚ್ಚಿಸಿಬಿಡ್ಲಾ?" ದಿನಾ ಇಂಥ ಕರೆಗಳೇ.

ನೋವು ಕೊಡುವ ತೊಂದರೆಗೆ ಎಲ್ಲರೂ ಕೂಡಲೇ ಫೋನ್ ಮಾಡುತ್ತಾರೆ. ಅದರಲ್ಲಿ ಬಹಳಷ್ಟನ್ನು ಮನೆಯಲ್ಲೇ ಸಂಭಾಳಿಸಬಹುದು. ನೋವಿಲ್ಲದ ತೊಂದರೆಗೆ ಮಾತ್ರ ಯಾರೂ ಫೋನ್ ಮಾಡುವುದಿಲ್ಲ. ಸಡಿಲಾದ ಬ್ಯಾಂಡ್, ಅಂಟು ಬಿಟ್ಟು ತಂತಿ ಮೇಲೆ ಸುಮ್ನೆ ಕೂತಿರುವ ಬ್ರಾಕೆಟ್, ಹಾಕದೆ ಬಿಟ್ಟ ರಬ್ಬರ್ ಎಲ್ಲ ಮುಂದಿನ ಸಲ ಬರುವವರೆಗೆ ಹಾಗೇ ಉಳಿಯುತ್ತವೆ. ಟ್ರೀಟ್‌ಮೆಂಟ್ ತಿಂಗಳುಗಟ್ಟಲೆ ಎಳೆಯುವುದು, ಕ್ಲಿಪ್ ತೆಗೆದ ಮೇಲೆ ಹುಳುಕು ಕಾಣುವುದು ಹೆಚ್ಚಾಗಿ ಇವುಗಳಿಂದಲೇ. ಹಾಗಾಗಿ ಚುಚ್ಚುವ, ನೋಯುವ ತೊಂದರೆಗಳ ಜೊತೆಗೆ ಈ ಸದ್ದಿಲ್ಲದ ತೊಂದರೆಗಳನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಕಾಯಬಾರದ್ದು

ಬಿಚ್ಚಿಕೊಂಡ ಚೂರು ಗಂಟಲಿಗೆ ಹೋಗಿ ಕೆಮ್ಮು ನಿಲ್ಲುತ್ತಿಲ್ಲ, ಉಸಿರಾಡಲು ಕಷ್ಟ, ಉಸಿರಿನ ಜೊತೆ ಸುಯ್ ಅನ್ನುವ ಸದ್ದು ಬರುತ್ತಿದೆ ಎಂದರೆ ನಮಗೆ ಫೋನ್ ಮಾಡಬೇಡಿ. ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಚೂರು ಹೊಟ್ಟೆಗೆ ಹೋಗಿದೆ, ಉಸಿರಾಟ ಆರಾಮಾಗಿದೆ ಎಂದರೆ ಗಾಬರಿ ಬೇಡ. ಬ್ರಾಕೆಟ್‌ನಷ್ಟು ಚಿಕ್ಕದು ಸಾಮಾನ್ಯವಾಗಿ ಮಲದ ಜೊತೆ ಹೊರಗೆ ಹೋಗುತ್ತದೆ. ಉದ್ದನೆಯ ತಂತಿ ತುಂಡು ನುಂಗಿದ್ದರೆ, ಹೊಟ್ಟೆನೋವೋ ವಾಂತಿಯೋ ಬಂದರೆ ಡಾಕ್ಟರಿಗೆ ತೋರಿಸಲೇಬೇಕು.

ಮುಖ ಊದಿ ಜ್ವರ ಬಂದಿದ್ದರೆ ಅದೇ ದಿನ ತೋರಿಸಿ. ಬಿದ್ದೋ, ಚೆಂಡು ಬಡಿದೋ ಹಲ್ಲು ಜಾಗ ಬಿಟ್ಟಿದ್ದರೂ ಅಷ್ಟೇ, ರಾತ್ರಿ ಕಳೆಯಲಿ ಅಂತ ಕಾಯಬೇಡಿ. ಕ್ಲಿಪ್ ಹಾಕಿಕೊಂಡು ಕಬಡ್ಡಿ, ಹಾಕಿ ಆಡುವ ಮಕ್ಕಳಿಗೆ ಮೌತ್‌ಗಾರ್ಡ್ ಬೇಕೇ ಬೇಕು. ಯಾವ ಬಗೆಯದ್ದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಮನೆಯಲ್ಲಿ ಬಿಸಿನೀರಿನಲ್ಲಿ ಅಚ್ಚು ಒತ್ತುವ ಬಗೆ ಬ್ರಾಕೆಟ್‌ಗಳಿಗೆ ಸಿಕ್ಕಿಹಾಕಿಕೊಳ್ಳಬಹುದು.

ಫೋನ್ ಮಾಡುವ ಮುಂಚೆ ಕನ್ನಡಿ ಮುಂದೆ

"ಏನೋ ಒಂದು ಬಿಚ್ಚಿಕೊಂಡಿದೆ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಭಾಗಗಳ ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಪ್ರತಿ ಹಲ್ಲಿನ ಮೇಲೆ ಅಂಟಿಸಿರುವ ಚಿಕ್ಕ ಚೌಕ ಬ್ರಾಕೆಟ್. ಅದರ ನಡುವಿನ ಸಂದಿಯಲ್ಲಿ ಹಾದುಹೋಗುವುದು ತಂತಿ, ಎಲ್ಲರೂ ವೈರ್ ಅನ್ನುತ್ತಾರೆ. ತಂತಿಯನ್ನು ಬ್ರಾಕೆಟ್‌ಗೆ ಹಿಡಿದಿಡುವ ಬಣ್ಣದ ಚಿಕ್ಕ ಉಂಗುರ ರಬ್ಬರಿನದು, ಕೆಲವು ಕಡೆ ಅದರ ಬದಲು ಕೂದಲಿನಷ್ಟು ತೆಳ್ಳಗಿನ ಸ್ಟೀಲ್ ತಂತಿ ಸುತ್ತಿರುತ್ತಾರೆ. ಕೊನೆಯ ದವಡೆ ಹಲ್ಲಿಗೆ ಒಂದೋ ಅಂಟಿಸಿದ ಕೊಳವೆ ಇರುತ್ತದೆ, ಇಲ್ಲವೇ ಹಲ್ಲನ್ನು ಸುತ್ತುವ ಬ್ಯಾಂಡ್ ಇರುತ್ತದೆ. ತಂತಿಯ ತುದಿ ಆ ಕೊಳವೆಯೊಳಗೆ ಕೂರುತ್ತದೆ. ಮೇಲಿನ ಹಲ್ಲಿನ ಕೊಕ್ಕೆಯಿಂದ ಕೆಳಗಿನ ಹಲ್ಲಿನ ಕೊಕ್ಕೆಗೆ ನೀವೇ ಸಿಕ್ಕಿಸುವ ರಬ್ಬರ್ ಬೇರೆ.

ಮೊಬೈಲ್ ಟಾರ್ಚ್ ಹಾಕಿ, ಹಿಂದಿನಿಂದ ಶುರು ಮಾಡಿ. ಕೈ ತೊಳೆದು, ಒಂದೊಂದೇ ಬ್ರಾಕೆಟ್ಟನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಮೆಲ್ಲಗೆ ತಳ್ಳಿ ನೋಡಿ. ಅಂಟಿರುವುದು ಅಲ್ಲಾಡುವುದಿಲ್ಲ. ಆಮೇಲೆ ಫೋನಿನಲ್ಲಿ ಹೀಗೆ ಹೇಳಿ: ಮೇಲೋ ಕೆಳಗೋ, ಬಲವೋ ಎಡವೋ, ಮುಂದಿನ ಹಲ್ಲಿನಿಂದ ಎಣಿಸಿದರೆ ಎಷ್ಟನೆಯದು, ಯಾವತ್ತಿನಿಂದ. ಕ್ಲಿಪ್ ಹಾಕಿಸಿದ ದಿನವೇ ಮುಂದಿನಿಂದ, ಎರಡೂ ಪಕ್ಕದಿಂದ ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಏನು ಬದಲಾಗಿದೆ ಅಂತ ಹೋಲಿಸಿ ನೋಡಬಹುದು. ಪ್ರತಿ ಸಲ ಟೈಟ್ ಮಾಡಿಸಿ ಬಂದಾಗಲೂ ಹೀಗೇ ತೆಗೆಯಿರಿ. ಇದರ ಉಪಯೋಗ ಮುಂದೆ ಹೇಳುತ್ತೇನೆ.

"ತುಂಬಾ ನೋವು"

ಮೊದಲ ಪ್ರಶ್ನೆ: ಯಾವಾಗ ಶುರುವಾಯಿತು? ಕ್ಲಿಪ್ ಹಾಕಿಸಿ, ಇಲ್ಲವೇ ಟೈಟ್ ಮಾಡಿಸಿ ನಾಲ್ಕೈದು ಗಂಟೆ ಆದ ಮೇಲೆ ಶುರುವಾಗಿ, ಮಾರನೇ ದಿನ ಜೋರಾಗಿ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದರೆ ಅದು ದೋಷವೇ ಅಲ್ಲ. ವಾರದೊಳಗೆ ಹೋಗುತ್ತದೆ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ತಂತಿ ತಳ್ಳಿದಾಗ ಆ ಪದರ ಒಂದು ಕಡೆ ಒತ್ತಿಕೊಳ್ಳುತ್ತದೆ, ಇನ್ನೊಂದು ಕಡೆ ಎಳೆದುಕೊಳ್ಳುತ್ತದೆ. ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ಕಟ್ಟುತ್ತದೆ. ಹಲ್ಲು ತಿಂಗಳಿಗೆ ಹೆಚ್ಚೂಕಮ್ಮಿ ಒಂದು ಮಿಲಿಮೀಟರ್ ಸರಿಯುವುದು ಹೀಗೆ. ಕಚ್ಚಿದಾಗ ಹಲವು ಹಲ್ಲು ಒಟ್ಟಿಗೆ ನೋಯುವುದು, ಹಲ್ಲು ಸ್ವಲ್ಪ ಅಲ್ಲಾಡಿದ ಹಾಗೆ ಅನಿಸುವುದು ಎರಡೂ ಇದರ ಭಾಗ.

ಶುರುವಿನ ತೆಳ್ಳಗಿನ ತಂತಿ ಸಾಮಾನ್ಯವಾಗಿ ನಿಕ್ಕಲ್-ಟೈಟಾನಿಯಂ. 1970ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸನ್ ಇದನ್ನು ಹಲ್ಲಿನ ಚಿಕಿತ್ಸೆಗೆ ತಂದರು. ಇದರಲ್ಲಿ ಹಲವು ಬಗೆ ಬಾಯಿಯ ಶಾಖದಲ್ಲಿ ಬಲ ಪಡೆಯುವಂಥವು, ತಣ್ಣಗಾದರೆ ಮೆತ್ತಗಾಗುತ್ತವೆ. ಅದಕ್ಕೇ ನೋವು ಜೋರಾದಾಗ ತಣ್ಣೀರನ್ನು ಒಂದಷ್ಟು ಹೊತ್ತು ಬಾಯಲ್ಲಿ ಹಿಡಿದುಕೊಂಡರೆ ಹಾಯೆನಿಸುತ್ತದೆ. ಐಸ್ ಕಡಿಯಬೇಡಿ, ಬ್ರಾಕೆಟ್ ಹೋಗುತ್ತದೆ. ಮಾತ್ರೆ ಬೇಕೆಂದರೆ ನಮ್ಮಲ್ಲಿ ಪ್ಯಾರಾಸಿಟಮಾಲ್ ಹೇಳುತ್ತೇವೆ, ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ. ಐಬುಪ್ರೊಫೇನ್ ಜಾತಿಯ ಮಾತ್ರೆಗಳನ್ನು ದಿನಗಟ್ಟಲೆ ತಗೊಂಡರೆ ಹಲ್ಲು ಸರಿಯುವುದಕ್ಕೆ ಬೇಕಾದ ಕ್ರಿಯೆಯನ್ನೇ ಅವು ಸ್ವಲ್ಪ ತಡೆಯಬಹುದು.

ಈಗ ದೋಷದ ನೋವು ಹೇಗಿರುತ್ತದೆ ನೋಡಿ. ವಾರ ಕಳೆದರೂ ಇಳಿಯುತ್ತಿಲ್ಲ. ಒಂದೇ ಹಲ್ಲು ತಾನಾಗಿ ಮಿಡಿಯುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ಬಿಸಿ ತಾಗಿದರೆ ಬಹಳ ಹೊತ್ತು ನೋಯುತ್ತದೆ. ಅಥವಾ ಒಂದು ಹಲ್ಲು ಮಾತ್ರ ಉಳಿದವಕ್ಕಿಂತ ಜಾಸ್ತಿ ಅಲ್ಲಾಡುತ್ತದೆ, ಬಣ್ಣ ಕಂದಾಗುತ್ತಿದೆ. ಇದರಲ್ಲಿ ಯಾವುದೇ ಒಂದು ಇದ್ದರೂ ಡಾಕ್ಟರ್ ನೋಡಬೇಕು. ಹುಳುಕೋ, ಹಳೇ ಪೆಟ್ಟೋ, ವಸಡಿನ ತೊಂದರೆಯೋ ಇರಬಹುದು. ಹಾಗೆಯೇ, ಹೊಸದಾಗಿ ಟೈಟ್ ಮಾಡಿಸದೇ ಇದ್ದಾಗ ಒಂದು ಹಲ್ಲು ತಟ್ಟನೆ ನೋಯಲು ಶುರುವಾದರೆ, ಪಕ್ಕದ ಬ್ರಾಕೆಟ್ ಬಿಟ್ಟಿದೆಯಾ, ತಂತಿ ಬಾಗಿದೆಯಾ ಅಂತ ಹುಡುಕಿ.

"ವೈರ್ ಚುಚ್ತಾ ಇದೆ"

ಎಲ್ಲಿ ಚುಚ್ಚುತ್ತಿದೆ ಎನ್ನುವುದರಲ್ಲೇ ಉತ್ತರ ಇದೆ.

ಕೆನ್ನೆಯ ಕೊನೆಯಲ್ಲಿ, ದವಡೆ ಹಲ್ಲಿನ ಹಿಂದೆ ಅಂದರೆ ತಂತಿಯ ತುದಿ ಕೊಳವೆಯಿಂದ ಆಚೆ ಬಂದಿದೆ. ಇದಕ್ಕೆ ಎರಡು ಕಾರಣ. ಹಲ್ಲುಗಳ ನಡುವಿನ ಸಂದಿ ಮುಚ್ಚಿದಾಗ ತಂತಿ ಹೆಚ್ಚಾಗಿ ಹಿಂದಕ್ಕೆ ಬರುತ್ತದೆ. ಇದು ಒಳ್ಳೆಯ ಸುದ್ದಿ, ಚಿಕಿತ್ಸೆ ನಡೆಯುತ್ತಿದೆ ಅಂತ. ಇನ್ನೊಂದು ಕಾರಣ, ತಂತಿ ಇಡಿಯಾಗಿ ಒಂದು ಪಕ್ಕಕ್ಕೆ ಜಾರಿರುವುದು. ಪೈಜಾಮದ ಲಾಡಿ ಒಂದು ಕಡೆ ಎಳೆದರೆ ಇನ್ನೊಂದು ತುದಿ ಒಳಗೆ ಹೋಗುತ್ತಲ್ವಾ, ಹಾಗೆ. ಆದ್ದರಿಂದ ಚುಚ್ಚುವ ಕಡೆ ನೋಡಿದಷ್ಟೇ ಚುಚ್ಚದ ಕಡೆಯನ್ನೂ ನೋಡಿ. ಅಲ್ಲಿ ತಂತಿ ಕೊಳವೆಯೊಳಗೆ ಇಲ್ಲದೆ ಖಾಲಿ ಬಿಟ್ಟಿದ್ದರೆ ತಂತಿ ಜಾರಿದೆ ಅಂತಲೇ ಲೆಕ್ಕ. ಆಗ ಚುಚ್ಚುವ ತುದಿಯನ್ನು ಮನೆಯಲ್ಲಿ ಕತ್ತರಿಸಬೇಡಿ. ಕತ್ತರಿಸಿದರೆ ಆ ತಂತಿ ಗಿಡ್ಡವಾಗಿ ಕೆಲಸಕ್ಕೆ ಬಾರದೇ ಹೋಗುತ್ತದೆ. ಶುರುವಿನ ಮೆತ್ತನೆ ತಂತಿಯಾದರೆ ತೊಳೆದ ಚಿಮಟದಿಂದ ಮೆಲ್ಲಗೆ ಹಿಡಿದು ಖಾಲಿ ಕೊಳವೆಗೆ ವಾಪಸ್ ತೂರಿಸಬಹುದು. ಬಗ್ಗದ ದಪ್ಪ ತಂತಿಯಾದರೆ ಬಲ ಹಾಕಬೇಡಿ, ಬನ್ನಿ.

ತುಟಿಯ ಒಳಗೆ, ಮುಂದಿನ ಹಲ್ಲಿನ ಹತ್ತಿರ ಚುಚ್ಚುತ್ತಿದ್ದರೆ ಅದು ದೊಡ್ಡ ತಂತಿ ಇರಲಾರದು. ಬ್ರಾಕೆಟ್‌ಗೆ ಸುತ್ತಿದ ತೆಳ್ಳನೆ ಸ್ಟೀಲ್ ತಂತಿಯ ತಿರುಚಿದ ಬಾಲ ಹೊರಗೆ ಎದ್ದಿರುತ್ತದೆ. ಪೆನ್ಸಿಲ್ ಹಿಂದಿನ ರಬ್ಬರನ್ನು ಚೆನ್ನಾಗಿ ತೊಳೆದು, ಅದರಿಂದ ಆ ಬಾಲವನ್ನು ದೊಡ್ಡ ತಂತಿಯ ಕೆಳಕ್ಕೆ ಒತ್ತಿಬಿಡಿ. ಸಾಕು.

ಉಳಿದದ್ದಕ್ಕೆ ಮೇಣ. ಕ್ಲಿಪ್ ಹಾಕಿದ ದಿನ ಚಿಕ್ಕ ಡಬ್ಬಿಯಲ್ಲಿ ಕೊಡುತ್ತಾರೆ, ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ. ಎಲ್ಲರೂ ಮಾಡುವ ತಪ್ಪು, ಒದ್ದೆ ಹಲ್ಲಿನ ಮೇಲೆ ಹಚ್ಚುವುದು. ಅರ್ಧ ಗಂಟೆಯಲ್ಲಿ ಬಿದ್ದುಹೋಗಿ, "ಮೇಣ ನಿಲ್ಲಲ್ಲ ಅಕ್ಕಾ" ಅಂತ ಫೋನ್ ಬರುತ್ತದೆ. ಮೊದಲು ಆ ಜಾಗವನ್ನು ಹತ್ತಿಯಿಂದಲೋ ಟಿಶ್ಯೂ ಪೇಪರಿನಿಂದಲೋ ಒಣಗಿಸಿ. ಕೆನ್ನೆಯನ್ನು ಬೆರಳಿನಿಂದ ಆಚೆ ಹಿಡಿದಿರಿ. ತೊಗರಿಬೇಳೆ ಗಾತ್ರದ ಮೇಣ ಉಂಡೆ ಮಾಡಿ, ತುದಿಯ ಮೇಲೆ ಒತ್ತಿ, ಅಕ್ಕಪಕ್ಕ ಚಪ್ಪಟೆ ಮಾಡಿ. ಊಟಕ್ಕೆ ಮುಂಚೆ ತೆಗೆಯಿರಿ. ನುಂಗಿದರೂ ಅಪಾಯವಿಲ್ಲ.

ಹುಣ್ಣಾಗಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ. ಚುಚ್ಚುವುದು ನಿಂತ ಮೇಲೂ ಎರಡು ವಾರಕ್ಕೆ ಮಾಯದ ಹುಣ್ಣನ್ನು ಡಾಕ್ಟರಿಗೆ ತೋರಿಸಿ. ಊರಿಂದ ದೂರ ಇದ್ದೀರಿ, ಮೇಣವೂ ನಿಲ್ಲುತ್ತಿಲ್ಲ, ತುದಿ ಕೆನ್ನೆಗೆ ನಾಟುತ್ತಿದೆ ಎಂದರೆ ಹತ್ತಿರದ ಯಾವುದಾದರೂ ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರು, ದಾವಣಗೆರೆ, ಧಾರವಾಡ, ಮಂಗಳೂರು, ಮಣಿಪಾಲ, ಬೆಳಗಾವಿ ಎಲ್ಲ ಕಡೆ ಇವೆ. ಆರ್ಥೊಡಾಂಟಿಕ್ಸ್, ಅಂದರೆ ಹಲ್ಲಿಗೆ ಕ್ಲಿಪ್ ಹಾಕುವ ವಿಭಾಗದಲ್ಲಿ ತುದಿ ಕತ್ತರಿಸುವುದು ಎರಡು ನಿಮಿಷದ ಕೆಲಸ. ಅಲ್ಲಿ ಬಳಸುವ ಕಟರ್ ಕತ್ತರಿಸಿದ ಚೂರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮನೆಯ ನೇಲ್ ಕಟರ್ ಹಿಡಿಯುವುದಿಲ್ಲ, ಚೂರು ಗಂಟಲಿಗೆ ಹಾರಬಹುದು. ನನಗೆ ಅದರ ಭಯವೇ ಜಾಸ್ತಿ.

"ಬ್ರಾಕೆಟ್ ಬಿತ್ತು"

ಬ್ರಾಕೆಟ್ ನಿಜವಾಗಿ ಬೀಳುವುದು ಕಮ್ಮಿ. ಅಂಟು ಬಿಟ್ಟ ಮೇಲೂ ತಂತಿಗೆ ನೇತುಕೊಂಡಿರುತ್ತದೆ, ಆಚೀಚೆ ಜಾರುತ್ತದೆ, ಗಿರ್ರನೆ ತಿರುಗುತ್ತದೆ. ನೋವಿರುವುದಿಲ್ಲ. "ಇನ್ನು ಹದಿನೈದು ದಿನಕ್ಕೆ ಹೋಗೋದಿದೆಯಲ್ಲ, ಆಗ ತೋರಿಸೋಣ" ಅಂತ ಬಿಡುತ್ತಾರೆ. ಆ ಹದಿನೈದು ದಿನ ಆ ಹಲ್ಲಿಗೆ ಯಾವ ಹಿಡಿತವೂ ಇಲ್ಲ. ಸರಿಯಾಗಿದ್ದ ಹಲ್ಲು ಮತ್ತೆ ತಿರುಗಬಹುದು. ಮೆತ್ತನೆ ತಂತಿಗೆ ವಾಪಸ್ ಹೋಗಿ ಮೊದಲಿಂದ ಶುರು ಮಾಡಬೇಕಾಗಬಹುದು. ಇನ್ನೊಂದು ತೊಂದರೆ, ಅಪಾಯಿಂಟ್‌ಮೆಂಟ್ ದಿನ ಅಂಟಿಸುವುದಕ್ಕೆ ಬೇಕಾದ ಸಮಯ ನಾವು ಇಟ್ಟಿರುವುದಿಲ್ಲ. ಹಾಗಾಗಿ ಕಂಡ ದಿನವೇ ಒಂದು ಫೋನ್ ಮಾಡಿ. ಕೂಡಲೇ ಬರಬೇಕಾ ಬೇಡವಾ ಅಂತ ನಾವು ಹೇಳುತ್ತೇವೆ. ಅಲ್ಲಿವರೆಗೆ ಅದನ್ನು ಕೀಳಬೇಡಿ, ಮೇಣ ಹಚ್ಚಿಡಿ. ಪೂರ್ತಿ ಕೈಗೇ ಬಂದಿದ್ದರೆ ಡಬ್ಬಿಯಲ್ಲಿ ಹಾಕಿ ತನ್ನಿ.

ಯಾಕೆ ಬಿಟ್ಟಿತು ಅನ್ನುವುದನ್ನು ಹುಡುಕದಿದ್ದರೆ ಮತ್ತೆ ಬಿಡುತ್ತದೆ. ಇಲ್ಲಿ ನಾನು ತಾಯಂದಿರಿಗೆ ಕೈ ಮುಗಿದು ಹೇಳುವುದೊಂದಿದೆ: ಮೊದಲೇ ಮಗೂನ ಬೈಯಬೇಡಿ. ಬೇರೆ ಬೇರೆ ಹಲ್ಲಿನ ಬ್ರಾಕೆಟ್ ಒಂದಾದ ಮೇಲೊಂದು ಬಿಡುತ್ತಿದ್ದರೆ ತಿನ್ನುವುದರ ಕಡೆ ನೋಡಿ. ಒಂದೇ ಹಲ್ಲಿನದು, ಅದರಲ್ಲೂ ಕೆಳಗಿನ ಹಲ್ಲಿನದು ಪದೇಪದೇ ಬಿಡುತ್ತಿದ್ದರೆ ಮಗುವಿನ ತಪ್ಪು ಇರದೇ ಇರಬಹುದು. ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ನೇರ ಆ ಬ್ರಾಕೆಟ್‌ಗೆ ಬಡಿಯುತ್ತಿರುತ್ತದೆ. ಮಗುವಿಗೆ ಮೆಲ್ಲಗೆ ಹಲ್ಲು ಕಚ್ಚಲು ಹೇಳಿ, ಕೆನ್ನೆ ಸರಿಸಿ ನೋಡಿ. ಲೋಹಕ್ಕೆ ಹಲ್ಲು ತಾಗುವುದು ಕಣ್ಣಿಗೇ ಕಾಣುತ್ತದೆ. ಇದನ್ನು ಡಾಕ್ಟರಿಗೆ ಹೇಳಿದರೆ ದವಡೆ ಹಲ್ಲಿನ ಮೇಲೆ ಸ್ವಲ್ಪ ಸಿಮೆಂಟ್ ಹಾಕಿ ಕಚ್ಚುವಿಕೆಯನ್ನು ಎತ್ತರಿಸುತ್ತಾರೆ. ಅಂಟಿಸಿದ ಒಂದೆರಡು ದಿನದಲ್ಲೇ ಬಿಟ್ಟರೆ, ಅಂಟಿಸುವಾಗ ಎಂಜಲು ತಾಗಿರುವ ಸಾಧ್ಯತೆಯೂ ಇದೆ.

ಇನ್ನೊಂದು ಕಾರಣ ನಮ್ಮ ಸೀಮೆಯದು. ಪಾವಗಡ, ಶಿರಾ, ಬಾಗೇಪಲ್ಲಿ, ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ, ಕಂದು ಕಲೆ ಇರುತ್ತದೆ. ಕಲೆ ಜೋರಾಗಿರುವ ಹಲ್ಲಿಗೆ ಅಂಟು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಬ್ರಾಕೆಟ್ ಪದೇಪದೇ ಬಿಡುತ್ತಿದ್ದರೆ ಹುಟ್ಟಿ ಬೆಳೆದ ಊರು ಯಾವುದು ಅಂತ ಡಾಕ್ಟರಿಗೆ ತಿಳಿಸಿ. ಮೇಲ್ಪದರವನ್ನು ತುಸು ಉಜ್ಜಿಯೋ, ಅಂಟಿಸುವ ಮುಂಚೆ ಹಲ್ಲಿಗೆ ಹಚ್ಚುವ ಆಸಿಡ್ ಇಡುವ ಹೊತ್ತು ಬದಲಿಸಿಯೋ, ಬೇರೆ ಅಂಟು ಬಳಸಿಯೋ ಗಟ್ಟಿ ಮಾಡಲು ಅವರಿಗೆ ದಾರಿಗಳಿವೆ.

ತಿನ್ನುವ ವಿಷಯ ಎಲ್ಲರಿಗೂ ಗೊತ್ತಿರುವುದೇ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹುರಿದ ಅವರೆಕಾಳು, ಕಬ್ಬು, ಖಡಕ್ ರೊಟ್ಟಿ ಬೇಡ. ಗೌರಿ ಗಣೇಶ ಮುಗಿದ ವಾರ, ಸಂಕ್ರಾಂತಿ ಮುಗಿದ ವಾರ ನಮ್ಮ ಫೋನಿಗೆ ಬಿಡುವಿರುವುದಿಲ್ಲ. ಎಳ್ಳುಬೆಲ್ಲದಲ್ಲಿ ಎಳ್ಳಿನಿಂದ ತೊಂದರೆಯಿಲ್ಲ, ಒಣಕೊಬ್ಬರಿ ಚೂರು ಮತ್ತು ಸಕ್ಕರೆ ಅಚ್ಚು ಬ್ರಾಕೆಟ್ ಕೀಳುತ್ತವೆ. ಸೇಬು, ಸೀಬೆ, ಕ್ಯಾರೆಟ್ ಹೆಚ್ಚಿ ತಿನ್ನಿ, ಮುಂದಿನ ಹಲ್ಲಿನಿಂದ ಕಚ್ಚಬೇಡಿ. ಮಾವಿನ ಓಟೆ ಚೀಪುವುದನ್ನು ಈ ವರ್ಷ ಬಿಡಬೇಕು, ಪಾಪ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ. ರಾಗಿಮುದ್ದೆಯಂತೂ ಜಗಿಯದೇ ನುಂಗುವ ಊಟ, ಟೈಟ್ ಮಾಡಿಸಿದ ಮಾರನೇ ದಿನಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ನೋವಿಲ್ಲದೆ ಹಲ್ಲು ತಿನ್ನುವುದು: ಸಡಿಲಾದ ಬ್ಯಾಂಡ್

ಪಿಯುಸಿ ಓದುವ ಒಬ್ಬ ಹುಡುಗ ಅಜ್ಜಿ ಜೊತೆ ಬಂದಿದ್ದ. ಅವನಿಗೆ ಏನೂ ತೊಂದರೆ ಇರಲಿಲ್ಲ. ಅಜ್ಜಿಯೇ ಹೇಳಿದರು, "ಉಜ್ಜಿದ್ರೂ ಬಾಯಿ ವಾಸ್ನೆ ಬರ್ತದೆ ಕಣಮ್ಮ, ಒಂದ್ಸಲ ನೋಡಿ." ಡಾಕ್ಟರ್ ಕೆಳಗಿನ ದವಡೆ ಹಲ್ಲಿನ ಬ್ಯಾಂಡನ್ನು ಒಂದು ಸಲಕರಣೆಯಿಂದ ಮೆಲ್ಲಗೆ ಒತ್ತಿದರು. ಬ್ಯಾಂಡಿನ ಅಂಚಿನಿಂದ ಎಂಜಲು ಗುಳ್ಳೆ ಗುಳ್ಳೆಯಾಗಿ ಹೊರಬಂತು. ಬಿಟ್ಟಾಗ ಒಳಗೆ ಹೋಯಿತು. ಇಕ್ಕಳ ಹಾಕಿ ಎಳೆದರೆ ಬ್ಯಾಂಡ್ ತಾನಾಗೇ ಎದ್ದು ಬಂತು. ಒಳಗಿನ ಸಿಮೆಂಟ್ ಅರ್ಧ ಕರಗಿಹೋಗಿತ್ತು. ಬ್ಯಾಂಡಿನ ಅಡಿಯ ಹಲ್ಲು ಸೀಮೆಸುಣ್ಣದ ಹಾಗೆ ಬಿಳಿಚಿತ್ತು, ವಸಡಿನ ಹತ್ತಿರ ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು.

ಆಗುವುದು ಇಷ್ಟು: ಸಿಮೆಂಟ್ ಬಿಟ್ಟ ಮೇಲೂ ಬ್ಯಾಂಡ್ ಹಲ್ಲನ್ನು ಸುತ್ತಿಕೊಂಡೇ ಇರುತ್ತದೆ. ಆಹಾರ ಒಳಗೆ ಹೋಗುತ್ತದೆ, ಬ್ರಷ್ ಹೋಗುವುದಿಲ್ಲ. ನೋವು ಬರುವ ಹೊತ್ತಿಗೆ ಹುಳುಕು ಆಳಕ್ಕೆ ಇಳಿದಿರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಬ್ಯಾಂಡಿನ ಮೇಲೆ ಬೆರಳಿಟ್ಟು ಮೇಲೆ ಕೆಳಗೆ ಒತ್ತಿ ನೋಡಿ. ಅಲ್ಲಾಡಿದರೆ, ಗುಳ್ಳೆ ಬಂದರೆ, ಒಂದೇ ಕಡೆ ಕೆಟ್ಟ ರುಚಿ ಬರುತ್ತಿದ್ದರೆ ಸಡಿಲಾಗಿದೆ. ಅದು ತಾನಾಗಿ ಪೂರ್ತಿ ಎದ್ದು ಬಂದರೆ ತೆಗೆದಿಡಿ, ನೀವೇ ಒತ್ತಿ ಕೂರಿಸಿ ಹಾಗೇ ಬಿಡಬೇಡಿ. ಪರೀಕ್ಷೆ, ಮದುವೆ ಅಂತ ಎರಡು ಮೂರು ತಿಂಗಳು ಅಪಾಯಿಂಟ್‌ಮೆಂಟ್ ತಪ್ಪಿಸಿದವರು ಇದನ್ನು ಮೊದಲು ನೋಡಿಕೊಳ್ಳಿ.

"ಹಲ್ಲು ಸರೀತಾನೇ ಇಲ್ಲ"

ನಾಲ್ಕರಿಂದ ಆರು ವಾರಕ್ಕೊಮ್ಮೆ ಬರುತ್ತಿದ್ದಾರೆ, ಏನೂ ಮುರಿದಿಲ್ಲ, ಆದರೂ ಬದಲಾವಣೆ ಇಲ್ಲ ಅನ್ನುತ್ತಾರೆ. ಮೊದಲು ಮೂರು ತಿಂಗಳ ಹಿಂದಿನ ಫೋಟೋ ಪಕ್ಕ ಇವತ್ತಿನದನ್ನು ಇಟ್ಟು ನೋಡಿ. ದಿನಾ ಕನ್ನಡಿ ನೋಡುವವರಿಗೆ ಒಂದು ಮಿಲಿಮೀಟರ್ ಕಾಣುವುದಿಲ್ಲ. ಫೋಟೋದಲ್ಲೂ ಬದಲಾಗಿಲ್ಲ ಅಂದರೆ ಸಿಕ್ಕಿಸುವ ರಬ್ಬರಿನ ಕಡೆ ತಿರುಗಿ.

ರಬ್ಬರ್ ಕೊಟ್ಟಿರುವುದು ಸಾಮಾನ್ಯವಾಗಿ ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಹಗಲೂ ರಾತ್ರಿ ಹಾಕಲು. ರಾತ್ರಿ ಮಾತ್ರ ಹಾಕಿದರೆ ರಾತ್ರಿ ಸರಿದದ್ದು ಹಗಲು ವಾಪಸ್ ಬರುತ್ತದೆ. ಇದನ್ನು ಪತ್ತೆ ಮಾಡಲು ಎರಡು ಸುಲಭ ಗುರುತು. ಒಂದು, ಪ್ಯಾಕೆಟ್. ಒಂದು ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ 100 ಇರುತ್ತವೆ. ಎರಡೂ ಕಡೆ ದಿನಕ್ಕೊಮ್ಮೆ ಬದಲಿಸಿದರೆ 50 ದಿನಕ್ಕೆ ಖಾಲಿ. ಅಷ್ಟು ದಿನ ಆದ ಮೇಲೂ ಪ್ಯಾಕೆಟ್ ಅರ್ಧ ತುಂಬಿದ್ದರೆ ಕಾರಣ ಸಿಕ್ಕಿತು. ಎರಡು, ನೋವು. ತಪ್ಪದೆ ಹಾಕುವವರಿಗೆ ಮೂರು ನಾಲ್ಕು ದಿನದಲ್ಲಿ ನೋವು ನಿಲ್ಲುತ್ತದೆ. ವಾರಗಟ್ಟಲೆ "ರಬ್ಬರ್ ಹಾಕಿದ್ರೆ ನೋಯುತ್ತೆ" ಅನ್ನುವ ಮಗು ಹೆಚ್ಚಾಗಿ ಹಾಕಿ, ತೆಗೆದು, ಮತ್ತೆ ಹಾಕುತ್ತಿರುತ್ತದೆ. ಪ್ರತಿ ಸಲ ಮೊದಲ ದಿನದ ನೋವೇ ಮರುಕಳಿಸುತ್ತದೆ. ಇದನ್ನು ಮಗುವಿಗೆ ಬಿಡಿಸಿ ಹೇಳಿದರೆ ಎಷ್ಟೋ ಮಕ್ಕಳು ಮಾರನೇ ದಿನದಿಂದಲೇ ಹಾಕುತ್ತಾರೆ.

ಹರಿಯದೇ ಇದ್ದರೂ ರಬ್ಬರ್ ದಿನಾ ಬದಲಿಸಿ, ಒಂದು ದಿನದಲ್ಲಿ ಅದರ ಎಳೆತ ಬಹಳ ಇಳಿದಿರುತ್ತದೆ. ನಿನ್ನೆ ಮರೆತೆ ಅಂತ ಇವತ್ತು ಎರಡೆರಡು ಹಾಕಬೇಡಿ. ಒಂದು ಕಡೆಯ ಕೊಕ್ಕೆ ಮುರಿದು ಇನ್ನೊಂದು ಕಡೆ ಮಾತ್ರ ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ ಫೋನ್ ಮಾಡಿ. ಒಂದೇ ಕಡೆ ಎಳೆದರೆ ಮೇಲಿನ ಎರಡು ಮುಂಭಾಗದ ಹಲ್ಲಿನ ನಡುಗೆರೆ ಕೆಳಗಿನ ನಡುಗೆರೆಯಿಂದ ಪಕ್ಕಕ್ಕೆ ಹೋಗುತ್ತದೆ. ಡಾಕ್ಟರೇ ಒಂದು ಕಡೆಗೆ ಮಾತ್ರ ಹೇಳಿದ್ದರೆ ಅದು ಬೇರೆ.

ಅಂಗುಳ ಅಗಲ ಮಾಡುವ ಸಾಧನದಲ್ಲಿ ದೂರು ಇದಕ್ಕೆ ತಿರುಗಾಮುರುಗಾ, ಹಲ್ಲು ಸರಿದದ್ದಕ್ಕೇ ಗಾಬರಿ. ಕೀ ತಿರುಗಿಸಲು ಶುರು ಮಾಡಿದ ಕೆಲವು ದಿನಕ್ಕೆ ಮುಂದಿನ ಹಲ್ಲಿನ ನಡುವೆ ಸಂದಿ ಕಂಡರೆ ಗಾಬರಿಯಾಗಿ ಫೋನ್ ಮಾಡುತ್ತಾರೆ. ಅದು ಕೆಲಸ ಮಾಡುತ್ತಿರುವ ಗುರುತು. ಕೀ ಹಾಕುವ ಮುಂದಿನ ತೂತು ಕಾಣದಿದ್ದರೆ ಹಿಂದಿನ ಸಲದ ತಿರುವು ಪೂರ್ತಿ ಆಗಿಲ್ಲ ಎಂದರ್ಥ.

ವಸಡು ಊತ, ರಕ್ತ, ಬಿಳಿ ಕಲೆ

ಉಜ್ಜುವಾಗ ರಕ್ತ ಬಂತು ಅಂತ ಆ ಜಾಗ ಉಜ್ಜುವುದನ್ನೇ ಬಿಡುತ್ತಾರೆ. ಆಗ ಇನ್ನೂ ಊದುತ್ತದೆ. ಊತ ಎಲ್ಲಿದೆ ನೋಡಿ. ಎಲ್ಲ ಕಡೆ ಇದ್ದರೆ ಕೊಳೆ ಉಳಿಯುತ್ತಿದೆ. ಒಂದೇ ಕಡೆ ಇದ್ದರೆ ಅಲ್ಲಿ ಕೊಕ್ಕೆಯೋ, ಹೆಚ್ಚಾದ ಅಂಟೋ, ಸಿಕ್ಕಿಕೊಂಡ ಆಹಾರವೋ ಇರಬಹುದು. ವಸಡಿನ ಜೊತೆ ತುಟಿಯ ಮೂಲೆಯೂ ಕೆಂಪಾಗಿ ತುರಿಸುತ್ತಿದ್ದರೆ, ಅಗ್ಗದ ಓಲೆ, ವಾಚ್ ತಾಗಿದ ಕಡೆ ಮೊದಲಿಂದ ಗುಳ್ಳೆ ಏಳುವವರಾದರೆ ನಿಕ್ಕಲ್ ಅಲರ್ಜಿ ಇರಬಹುದು. ಹೇಳಿ, ಬೇರೆ ತಂತಿ ಇದೆ.

ಬ್ರಾಕೆಟ್ ಸುತ್ತ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ. ಸರಿಯಾಗಿ ಉಜ್ಜದಿದ್ದರೆ ನಾಲ್ಕು ವಾರದಲ್ಲೇ ಬರಬಹುದು, ನೋವಿಲ್ಲದೆ. ಹಲ್ಲು ಹುಟ್ಟಿದಾಗಿನಿಂದ ಇರುವ ಫ್ಲೋರೈಡ್ ಕಲೆ ಹಲ್ಲಿನ ಮೇಲೆಲ್ಲ ಹರಡಿರುತ್ತದೆ, ಇದು ಬ್ರಾಕೆಟ್ ಸುತ್ತ, ಹೆಚ್ಚಾಗಿ ಬ್ರಾಕೆಟ್ ಮತ್ತು ವಸಡಿನ ನಡುವೆ ಇರುತ್ತದೆ. ಬ್ರಷ್ಷನ್ನು ಬ್ರಾಕೆಟ್‌ನ ಮೇಲಿನಿಂದ ಓರೆಯಾಗಿ ಒಮ್ಮೆ, ಕೆಳಗಿನಿಂದ ಓರೆಯಾಗಿ ಒಮ್ಮೆ ಹಿಡಿದು ಉಜ್ಜಿ. ತಂತಿಯ ಕೆಳಗೆ ಸಣ್ಣ ಕೋನ್ ಆಕಾರದ ಇಂಟರ್‌ಡೆಂಟಲ್ ಬ್ರಷ್ ತೂರಿಸಿ. ಫ್ಲೋರೈಡ್ ಇರುವ ಪೇಸ್ಟೇ ಬೇಕು. ನಮ್ಮ ದೇಶದಲ್ಲಿ ಪೇಸ್ಟ್‌ನ ಫ್ಲೋರೈಡ್‌ಗೆ 1000 ಪಿಪಿಎಂ (ಕಿಲೋಗೆ 1000 ಮಿಲಿಗ್ರಾಂ) ಮಿತಿ ಇದೆ. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರಿನವರು ಪೇಸ್ಟ್‌ಗೂ ಹೆದರುತ್ತಾರೆ. ಕಲೆ ಬೀಳುವುದು ಚಿಕ್ಕಂದಿನಲ್ಲಿ ಹಲ್ಲು ಮೂಳೆಯೊಳಗೆ ರೂಪಗೊಳ್ಳುವಾಗ. ಕ್ಲಿಪ್ ಹಾಕುವ ವಯಸ್ಸಿನ ಮಗು ಉಜ್ಜಿ ಉಗುಳುವ ಪೇಸ್ಟಿನಿಂದ ಆಗಲೇ ಹುಟ್ಟಿದ ಹಲ್ಲಿಗೆ ಕಲೆ ಬರುವುದಿಲ್ಲ.

ರಬ್ಬರ್ ಉಂಗುರ ಹಳದಿಯಾಗಿದ್ದರೆ ಅದು ಅರಿಶಿನ, ಹಲ್ಲಿಗೇನೂ ಆಗಿಲ್ಲ. ಮುಂದಿನ ಸಲ ಬಿಳಿ, ಪಾರದರ್ಶಕ ಬಣ್ಣ ಬೇಡ ಅನ್ನಿ.

ಅಲೈನರ್ ಹಾಕುವವರಿಗೆ

ಅಲೈನರ್ ಅಂದರೆ ಕ್ಲಿಪ್ ಬದಲು ಹಲ್ಲಿಗೆ ಹಾಕಿ ತೆಗೆಯುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು. ಹೊಸ ಅಲೈನರ್ ಹಾಕಿದಾಗ ಹಲ್ಲಿನ ತುದಿಗೂ ಪ್ಲಾಸ್ಟಿಕ್‌ಗೂ ನಡುವೆ ಸಂದಿ ಕಂಡರೆ ಹಿಂದಿನದನ್ನು ಎಷ್ಟು ಹೊತ್ತು ಹಾಕಿದ್ದಿರಿ ಅಂತ ಲೆಕ್ಕ ಹಾಕಿ. ದಿನಕ್ಕೆ 20ರಿಂದ 22 ಗಂಟೆ ಬೇಕು. ಕಾಫಿ, ತಿಂಡಿ, ಊಟ, ಸಂಜೆ ಟೀ ಅಂತ ತೆಗೆದದ್ದೆಲ್ಲ ಕೂಡಿದರೆ ಬಹಳ ಜನಕ್ಕೆ ಕಾರಣ ಅಲ್ಲೇ ಸಿಗುತ್ತದೆ. ಹಲ್ಲಿನ ಮೇಲೆ ಅಂಟಿಸಿದ ಚಿಕ್ಕ ಉಬ್ಬು ಬಿದ್ದಿದೆಯಾ ಅದನ್ನೂ ನೋಡಿ. ಕೂರದಿದ್ದರೆ ಮುಂದಿನ ಜೊತೆಗೆ ಹಾರಬೇಡಿ, ಹಿಂದಿನದನ್ನು ಹಾಕಿಕೊಂಡು ಫೋನ್ ಮಾಡಿ.

ಕ್ಲಿಪ್ ತೆಗೆದ ಮೇಲೆ

ಇಲ್ಲಿಯೂ ಸದ್ದಿಲ್ಲದ ದೋಷವೇ ಜಾಸ್ತಿ ಕೆಡುಕು. ಹಲ್ಲು ಮತ್ತೆ ಸರಿಯದಂತೆ ಹಿಡಿದಿಡಲು ಕೊಡುವ, ತೆಗೆದು ಹಾಕುವ ರಿಟೇನರ್ ಬಿಗಿ ಅನಿಸಿದರೆ ಹಲ್ಲು ಆಗಲೇ ಸ್ವಲ್ಪ ಸರಿದಿದೆ. ಮೆಲ್ಲಗೆ ಕೂತರೆ ಹಾಕುವ ಹೊತ್ತು ಹೆಚ್ಚಿಸಿ. ಪೂರ್ತಿ ಕೂರುತ್ತಿಲ್ಲ ಅಂದರೆ ಬಲವಂತ ಮಾಡಬೇಡಿ, ಬಿಸಿನೀರಿಗಂತೂ ಹಾಕಲೇಬೇಡಿ, ಆಕಾರವೇ ಕೆಡುತ್ತದೆ. ಹೋಟೆಲಿನಲ್ಲಿ ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟು ಕಸದ ಬುಟ್ಟಿ ಸೇರಿದ ರಿಟೇನರ್‌ಗಳ ಕತೆ ಕೇಳಿ ಕೇಳಿ ನನಗೆ ಸಂಕಟ. ಡಬ್ಬಿ ಜೊತೆಯಲ್ಲೇ ಇರಲಿ.

ಕೆಳಗಿನ ಮುಂಭಾಗದ ಹಲ್ಲಿನ ಹಿಂದೆ ಅಂಟಿಸಿದ ತಂತಿ ಇದ್ದರೆ ಅದನ್ನು ಪರೀಕ್ಷಿಸುವ ರೀತಿ ಬೇರೆ. ಅದು ಒಂದೇ ಹಲ್ಲಿನಿಂದ ಬಿಟ್ಟುಕೊಂಡರೆ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಆ ಹಲ್ಲು ತಾನೊಂದೇ ಮೆಲ್ಲಗೆ ತಿರುಗುತ್ತದೆ. ತಿಂಗಳಿಗೊಮ್ಮೆ ಚಿಕ್ಕ ಕನ್ನಡಿ ಬಾಯೊಳಗೆ ಹಿಡಿದು, ಪ್ರತಿ ಹಲ್ಲಿನ ಹತ್ತಿರ ತಂತಿಯ ಕೆಳಗೆ ಉಗುರಿನಿಂದ ಮೆಲ್ಲಗೆ ಮೀಟಿ. ಅಂಟಿನ ಚುಕ್ಕೆಯೂ ತಂತಿಯೂ ಒಟ್ಟಿಗೆ ಗಟ್ಟಿಯಾಗಿರಬೇಕು. ತಂತಿ ಮಾತ್ರ ಎದ್ದು ಬಂದರೆ, ಅಥವಾ ಅಂಟು ತಂತಿಯ ಜೊತೆಗೇ ಅಲ್ಲಾಡಿದರೆ ಅಲ್ಲಿ ಬಿಟ್ಟಿದೆ. ಬೇಗ ಕಂಡರೆ ಆ ಒಂದು ಚುಕ್ಕೆ ಮತ್ತೆ ಅಂಟಿಸಿದರಾಯಿತು. ಆ ದಿನ ಬರುವವರೆಗೆ, ತೆಗೆದು ಹಾಕುವ ರಿಟೇನರ್ ಕೂಡ ಇದ್ದರೆ ಅದನ್ನು ಹಾಕಿಕೊಂಡೇ ಇರಿ.